ಸಂಗಾತಿಯ ವೀಸಾಕ್ಕಾಗಿ ಕಾಯುವಿಕೆ: ಗಡಿನಾಡ ಕನ್ನಡಿಗರು ತಿಳಿದಿರಬೇಕಾದ ಸಂಗತಿಗಳು

ದಂಪತಿಗಳಲ್ಲಿ ಒಬ್ಬರು ವಿದೇಶದಲ್ಲಿದ್ದು, ಊರಲ್ಲಿ ಉಳಿದವರು ಅವರನ್ನು ಸೇರಿಕೊಳ್ಳಲು ಆ ದೇಶದ ಅನುಮತಿಗಾಗಿ ಕಾಯುವ ಸ್ಥಿತಿ ಕಾಸರಗೋಡು ಜಿಲ್ಲೆಗೆ ಹೊಸದಲ್ಲ. ಎಸ್. ಎ. ಜಮೀಲರ 'ದುಬೈ ಕತ್ತು ಪಾಟ್ಟ್' 1970ರ ದಶಕದಲ್ಲಿ ಕೇರಳದುದ್ದಕ್ಕೂ ಕೇಳಿಬಂದುದು, ಕೊಲ್ಲಿ ರಾಷ್ಟ್ರಕ್ಕೆ ಹೋದ ಗಂಡನಿಗೆ ಊರಿನ ಹೆಂಡತಿ ಬರೆದ ಕಾಗದ ಅಂದು ಮನೆಮನೆಯ ಸಂಗತಿಯಾಗಿತ್ತು ಎಂಬ ಕಾರಣಕ್ಕೆ. ಇಂದು ಕಾಗದದ ಜಾಗದಲ್ಲಿ ವಿಡಿಯೋ ಕರೆ ಬಂದಿದೆ. ಕೊಲ್ಲಿಯ ಜತೆಗೆ ಬ್ರಿಟನ್, ಜರ್ಮನಿ, ಅಮೆರಿಕಗಳೂ ಸೇರಿಕೊಂಡಿವೆ. ಹೋಗಿರುವವರು ಗಂಡಸರೇ ಎಂದೇನೂ ಇಲ್ಲ. ದಾದಿಯಾಗಿ ದುಡಿಯುವ ಹೆಂಡತಿ ಅಲ್ಲಿದ್ದು ಗಂಡ ಇಲ್ಲಿ ಕಾಯುವ ಮನೆಗಳೂ ಇವೆ.

ಕಾಯುವ ಅವಧಿಯ ಒಂದು ಪಾಲು ಆಯಾ ದೇಶದ ಕಾನೂನಿನ ಕೈಯಲ್ಲಿದೆ; ಅದನ್ನು ನಾವು ಬದಲಿಸಲಾರೆವು. ಇನ್ನೊಂದು ಪಾಲು ನಮ್ಮದೇ ದಾಖಲೆಪತ್ರಗಳಲ್ಲಿ ಹುದುಗಿದೆ. ಒಂದು ಭಾಷೆಯಲ್ಲಿ ಹುಟ್ಟಿ ಇನ್ನೊಂದು ಭಾಷೆಯ ಕಚೇರಿಯಲ್ಲಿ ಹೆಸರು ಬರೆಯಿಸಿಕೊಳ್ಳುವ ಗಡಿನಾಡಿಗರಿಗೆ ಈ ಎರಡನೆಯ ಪಾಲು ಇತರರಿಗಿಂತ ದೊಡ್ಡದು. ಈ ಲೇಖನದ ಹೆಚ್ಚಿನ ಮಾತು ಅದರ ಕುರಿತೇ ಆಗಿದೆ.

ದೇಶಗಳ ನಿಯಮ

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ವೇತನ, ಅಥವಾ 3,000 ದಿರ್ಹಂ ವೇತನದೊಂದಿಗೆ ವಸತಿ ಇರಬೇಕೆಂಬುದು 2019ರಿಂದ ಇರುವ ನಿಯಮ. ದಾಖಲೆಗಳು ಸರಿಯಿದ್ದರೆ ಅಲ್ಲಿ ವೀಸಾ ದೊರೆಯಲು ಹೆಚ್ಚು ದಿನ ಹಿಡಿಯುವುದಿಲ್ಲ. ಆದರೆ ಅಂಗಡಿಯಲ್ಲೋ ಉಪಾಹಾರಗೃಹದಲ್ಲೋ ದುಡಿಯುವ ನಮ್ಮವರಲ್ಲಿ ಅನೇಕರಿಗೆ ಆ ವೇತನವೇ ಇಲ್ಲ. ಇದ್ದರೂ ಮನೆಬಾಡಿಗೆ ಅದನ್ನು ನುಂಗುತ್ತದೆ. ಅಂಥವರ ಹೆಂಡಂದಿರು ಕಾಯುವುದು ವೀಸಾಕ್ಕಲ್ಲ, ರಜೆಗೆ.

ಬ್ರಿಟನ್ನಿನಲ್ಲಿ ಅಲ್ಲಿನ ಪೌರರು ಅಥವಾ ಕಾಯಂ ನಿವಾಸಿಗಳು ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವಾರ್ಷಿಕ ಆದಾಯವನ್ನು 2012ರ ಜುಲೈಯಲ್ಲಿ 18,600 ಪೌಂಡ್ ಎಂದು ನಿಗದಿಪಡಿಸಲಾಗಿತ್ತು. 2024ರ ಏಪ್ರಿಲ್ 11ರಿಂದ ಅದನ್ನು 29,000ಕ್ಕೆ ಏರಿಸಲಾಯಿತು. ಅರ್ಜಿದಾರರು ಇಂಗ್ಲಿಷಿನಲ್ಲಿ ಪ್ರಾಥಮಿಕ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಕ್ಷಯರೋಗದ ತಪಾಸಣೆಯನ್ನೂ ಮಾಡಿಸಬೇಕು. ಜರ್ಮನಿ 2007ರಿಂದ ಸಂಗಾತಿಗಳಿಗೆ ಜರ್ಮನ್ ಭಾಷೆಯ ಆರಂಭಿಕ ಪರೀಕ್ಷೆಯನ್ನು ವಿಧಿಸಿದೆ. ಬ್ಲೂ ಕಾರ್ಡ್ ಹೊಂದಿದವರ ಸಂಗಾತಿಗಳಿಗೆ ವಿನಾಯಿತಿ ಇದೆ.

ಅಮೆರಿಕದ ವ್ಯವಸ್ಥೆ ಹೆಚ್ಚು ಜಟಿಲ. ಅಲ್ಲಿನ ಪೌರರ ಪತಿ ಅಥವಾ ಪತ್ನಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಕಡತದ ಪರಿಶೀಲನೆಗೆ ತಗಲುವ ಕಾಲವಷ್ಟೆ. ಗ್ರೀನ್ ಕಾರ್ಡ್ ಹೊಂದಿದವರ ಸಂಗಾತಿಗಾದರೆ ಸಂಖ್ಯಾಮಿತಿ ಇದೆ. ಅರ್ಜಿ ಸಲ್ಲಿಸಿದ ದಿನಾಂಕವೇ ಸರದಿಯ ಸಂಖ್ಯೆಯಾಗುತ್ತದೆ, ಪ್ರತಿ ತಿಂಗಳು ಪ್ರಕಟವಾಗುವ ವೀಸಾ ಬುಲೆಟಿನ್ನಿನಲ್ಲಿ ತಮ್ಮ ದಿನಾಂಕ ಬಂದಿದೆಯೇ ಎಂದು ನೋಡುತ್ತಿರಬೇಕು. ಮದುವೆಗೆ ಮೊದಲೇ ಹೋಗುವ ಕೆ-1 ವೀಸಾ ಪೌರರ ಭಾವೀ ಸಂಗಾತಿಗೆ ಮಾತ್ರ. ಇಬ್ಬರೂ ಹಿಂದಿನ ಎರಡು ವರ್ಷಗಳೊಳಗೆ ಮುಖತಃ ಭೇಟಿಯಾಗಿರಬೇಕು, ಅಲ್ಲಿಗೆ ತಲಪಿದ 90 ದಿನಗಳೊಳಗೆ ಮದುವೆಯಾಗಬೇಕು. ಇನ್ನು, ಕಾಯುವ ನಡುವೆ ಒಮ್ಮೆ ಪ್ರವಾಸಿ ವೀಸಾದಲ್ಲಿ ಹೋಗಿಬರೋಣ ಎಂಬ ಆಸೆ ಸಹಜವೇ. ಆದರೆ ನೆಲೆಸುವ ಉದ್ದೇಶದ ಅರ್ಜಿ ಕಡತದಲ್ಲಿರುವಾಗ, ಮರಳಿ ಬರುವೆನೆಂದು ಅಧಿಕಾರಿಯನ್ನು ನಂಬಿಸುವುದು ಕಷ್ಟ.

ಹೆಸರಿನ ತೊಡಕು

ನಮ್ಮಲ್ಲಿ ಶಂಕರನೆಂದು ನಾಮಕರಣವಾದ ಮಗು ಕಚೇರಿಯ ದಾಖಲೆಯಲ್ಲಿ 'ಶಂಕರನ್' ಆಗುತ್ತದೆ. ಕೃಷ್ಣ 'ಕೃಷ್ಣನ್' ಆಗುತ್ತಾನೆ. ಇಂಗ್ಲಿಷಿನಲ್ಲಿ ಬರೆಯುವಾಗ ಕನ್ನಡದ ರೂಢಿಯಲ್ಲಿ ಶಕಾರಕ್ಕೆ ಎಸ್-ಎಚ್. ಮಲಯಾಳದ ರೂಢಿಯಲ್ಲಿ ಅನೇಕ ವೇಳೆ ಬರಿಯ ಎಸ್. ಮಂಜೇಶ್ವರ ಒಂದು ಪತ್ರದಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಊರಿನ ಹೆಸರುಗಳ ಕುರಿತು ನಾವು ದನಿಯೆತ್ತಿದಾಗಲೆಲ್ಲ, ಒಂದಕ್ಷರಕ್ಕೆ ಇಷ್ಟೊಂದು ಗದ್ದಲವೇ ಎಂದವರಿದ್ದಾರೆ. ಆ ಒಂದಕ್ಷರದ ಬೆಲೆ ವೀಸಾ ಕಚೇರಿಯ ಕಿಟಕಿಯೆದುರು ತಿಳಿಯುತ್ತದೆ. ಅಲ್ಲಿನ ಅಧಿಕಾರಿಗೆ ಶಂಕರ ಮತ್ತು ಶಂಕರನ್ ಇಬ್ಬರು ಬೇರೆ ವ್ಯಕ್ತಿಗಳು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿವಾಹ ಪ್ರಮಾಣಪತ್ರದಲ್ಲಿ ತಂದೆಯ ಹೆಸರು 'ಐತಪ್ಪನ್' ಎಂದಾಗಿತ್ತು, ಪಾಸ್‌ಪೋರ್ಟಿನಲ್ಲಿ 'ಐತಪ್ಪ'. ಮದುವೆಯ ಸಂಭ್ರಮದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಗಂಡ ಅಬುಧಾಬಿಯಲ್ಲಿ ಮನೆ ಹಿಡಿದು ಬಾಡಿಗೆ ಕಟ್ಟಲಾರಂಭಿಸಿದ ಮೇಲೆ ಕಡತ ಹಿಂದಿರುಗಿತು. ತಿದ್ದುಪಡಿಗಾಗಿ ಅವಳು ಕಚೇರಿಯಿಂದ ಕಚೇರಿಗೆ ನಾಲ್ಕು ತಿಂಗಳು ಅಲೆದಳು. ಆ ನಾಲ್ಕು ತಿಂಗಳು ಬಾಡಿಗೆಮನೆಯಲ್ಲಿ ಗಂಡನೊಬ್ಬನೇ ಇದ್ದ.

ಇದಕ್ಕೆ ಪರಿಹಾರ ಸರಳ, ಆದರೆ ಮದುವೆಗೆ ಮೊದಲೇ ಆಗಬೇಕಾದುದು. ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳನ್ನೇ ಮೂಲವೆಂದು ಇಟ್ಟುಕೊಂಡು, ವಿವಾಹ ನೋಂದಣಿಯ ಅರ್ಜಿಯಲ್ಲಿ ಇಬ್ಬರ ಹಾಗೂ ಇಬ್ಬರ ತಂದೆತಾಯಂದಿರ ಹೆಸರುಗಳನ್ನು ಅದಕ್ಕೆ ಅಕ್ಷರಶಃ ಹೊಂದಿಸಿ ಬರೆಯಬೇಕು. ಪ್ರಮಾಣಪತ್ರ ಕೈಗೆ ಬಂದ ಗಳಿಗೆಯಲ್ಲೇ ಓದಿ ನೋಡಬೇಕು. ವಿಲೇಜ್ ಆಫೀಸಿನಿಂದ ದೊರೆಯುವ 'ಒನ್ ಆ್ಯಂಡ್ ದ ಸೇಮ್' ಸರ್ಟಿಫಿಕೇಟು ಊರಿನ ವ್ಯವಹಾರಕ್ಕೆ ಸಾಕಾಗುತ್ತದೆ. ವಿದೇಶದ ಕಚೇರಿ ಅದನ್ನು ಒಪ್ಪಿಯೇ ಒಪ್ಪುತ್ತದೆಂದು ನಂಬಿ ಕುಳಿತುಕೊಳ್ಳಬಾರದು. ಮೂಲದಾಖಲೆಯನ್ನೇ ತಿದ್ದಿಸುವುದು ಕ್ಷೇಮ. ಮದುವೆಯಾದ ಮಾತ್ರಕ್ಕೆ ಹೆಣ್ಣುಮಗಳು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕೆಂಬ ನಿಯಮವಿಲ್ಲ. ಬದಲಿಸದಿರುವುದೇ ಎಷ್ಟೋ ತೊಡಕುಗಳನ್ನು ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಇತರ ಗಡಿಗಳಲ್ಲಿ ತೊಡಕಿನ ರೂಪ ಬೇರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಅಡ್ಡಹೆಸರು ಮೊದಲು ಬಂದು, ನಡುವಿನ ತಂದೆಯ ಹೆಸರಿನ ಜಾಗವನ್ನು ಮದುವೆಯ ಬಳಿಕ ಗಂಡನ ಹೆಸರು ಆಕ್ರಮಿಸುತ್ತದೆ. ಶಾಲೆಯ ದಾಖಲೆಯೂ ಆಧಾರ್ ಕಾರ್ಡೂ ಇಬ್ಬರು ಬೇರೆ ಹೆಂಗಸರದೆಂಬಂತೆ ಕಾಣುತ್ತವೆ. ತಾಳವಾಡಿಯಲ್ಲಿ ತಂದೆಯ ಹೆಸರು ಒಂದು ಇನಿಷಿಯಲ್ ಆಗಿ ಕುಗ್ಗಿ, ಅಡ್ಡಹೆಸರಿನ ಜಾಗ ಖಾಲಿ ಉಳಿಯುತ್ತದೆ. 2022ರ ನವೆಂಬರ್ 21ರಿಂದ ಸಂಯುಕ್ತ ಅರಬ್ ಸಂಸ್ಥಾನವು ಒಂದೇ ಹೆಸರಿರುವ ಪಾಸ್‌ಪೋರ್ಟುಗಳಿಗೆ ಪ್ರವಾಸಿ ಹಾಗೂ ಭೇಟಿ ವೀಸಾಗಳಲ್ಲಿ ಪ್ರವೇಶವನ್ನು ನಿರಾಕರಿಸಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕೆಂಬ ವಿವರಣೆ ಆಮೇಲೆ ಬಂದಿತು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರು ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡದಿರುವುದು ಒಳ್ಳೆಯದು.

ನೋಂದಣಿ ಎಲ್ಲಿ, ದೃಢೀಕರಣ ಎಲ್ಲಿ

ಕೇರಳದಲ್ಲಿ 2008ರ ನಿಯಮಗಳ ಪ್ರಕಾರ ಮದುವೆ ನಡೆದ 45 ದಿನಗಳೊಳಗೆ ಸ್ಥಳೀಯಾಡಳಿತ ಸಂಸ್ಥೆಯಲ್ಲಿ ನೋಂದಾಯಿಸಬೇಕು; ತಮಿಳುನಾಡಿನ 2009ರ ಕಾಯಿದೆ 90 ದಿನಗಳನ್ನು ಕೊಡುತ್ತದೆ. 'ಕೆ-ಸ್ಮಾರ್ಟ್' ವ್ಯವಸ್ಥೆ ಬಂದ ಮೇಲೆ ಕೇರಳದಲ್ಲಿ ವಿಡಿಯೋ ಮೂಲಕ ಗುರುತು ದೃಢಪಡಿಸಿ ನೋಂದಾಯಿಸಲು ಅವಕಾಶವಾಗಿದೆ. ರಜೆ ಮುಗಿಸಿ ವಿಮಾನ ಹತ್ತಿದ ಮದುಮಗನಿಗೆ ಇದು ದೊಡ್ಡ ಉಪಕಾರ.

ಗಡಿಯವರು ಮರೆಯುವ ಸಂಗತಿ ಒಂದಿದೆ. ನಮ್ಮ ಎಷ್ಟೋ ಮದುವೆಗಳು ತಲಪಾಡಿಯ ಆಚೆ, ಮಂಗಳೂರಿನ ಸಭಾಭವನಗಳಲ್ಲಿ ನಡೆಯುತ್ತವೆ. ಅಲ್ಲಿ ನೋಂದಣಿಯಾದ ಪ್ರಮಾಣಪತ್ರವನ್ನು ದೃಢೀಕರಿಸಬೇಕಾದುದು ಕರ್ನಾಟಕ ಸರಕಾರ; ತಿರುವನಂತಪುರದಲ್ಲಿ ಆ ಕೆಲಸ ಆಗುವುದಿಲ್ಲ. ಪ್ರಮಾಣಪತ್ರ ಕೊಟ್ಟ ರಾಜ್ಯವೇ ಮೊದಲ ಮುದ್ರೆ ಒತ್ತಬೇಕು, ಬಳಿಕ ಭಾರತದ ವಿದೇಶಾಂಗ ಸಚಿವಾಲಯ. ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಲ್ಲಿಗೆ ಕೆಲಸ ಮುಗಿಯಿತು. ಒಪ್ಪಂದವು ಭಾರತಕ್ಕೆ 2005ರ ಜುಲೈ 14ರಿಂದ ಜಾರಿಯಲ್ಲಿದೆ; ಒಮಾನ್, ಬಹ್ರೈನ್, ಸೌದಿ ಅರೇಬಿಯಗಳೂ ಸೇರಿವೆ. ಸಂಯುಕ್ತ ಅರಬ್ ಸಂಸ್ಥಾನಕ್ಕಾದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ, ಆ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆಯೂ ಬೇಕು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಸೂಚಿಸಿದ ದೇಶ.

ಕನ್ನಡದ ಕಾಗದ, ಇಂಗ್ಲಿಷಿನ ಕಡತ

ಆಮಂತ್ರಣಪತ್ರಿಕೆ, ದೇವಸ್ಥಾನದ ಅಥವಾ ಜಮಾಅತಿನ ಪತ್ರ, ದಂಪತಿಗಳ ಪರಸ್ಪರ ಸಂದೇಶಗಳು, ಇವೆಲ್ಲ ಸಂಬಂಧ ನಿಜವಾದುದೆಂದು ತೋರಿಸುವ ಸಾಕ್ಷ್ಯಗಳು. ಕನ್ನಡದಲ್ಲಿದ್ದರೆ ಸಂಪೂರ್ಣ ಅನುವಾದ ಬೇಕು. ಅಮೆರಿಕದ ವಲಸೆ ಇಲಾಖೆಗೆ ಅನುವಾದಕನು ತನಗೆ ಎರಡೂ ಭಾಷೆ ಬರುತ್ತದೆಂದೂ ಅನುವಾದ ಪೂರ್ಣ ಹಾಗೂ ನಿಖರವಾಗಿದೆಯೆಂದೂ ಸಹಿಮಾಡಿ ಕೊಡಬೇಕು. ಬ್ರಿಟನ್ ದಿನಾಂಕ, ಪೂರ್ಣ ಹೆಸರು, ಸಹಿ, ಸಂಪರ್ಕದ ವಿವರಗಳನ್ನು ಕೇಳುತ್ತದೆ. ಅರ್ಜಿದಾರರೇ ಅನುವಾದಿಸಿಕೊಳ್ಳುವುದು ತರವಲ್ಲ.

ಕನ್ನಡ ಅಧ್ಯಾಪಕನೆಂಬ ಕಾರಣಕ್ಕೆ ಇಂಥ ಕಾಗದಗಳು ನನ್ನ ಬಳಿಗೂ ಬರುತ್ತವೆ. ತುಳುವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಸಂದೇಶಗಳ ಮೂವತ್ತು ಪುಟ ಒಮ್ಮೆ ಬಂದಿತ್ತು. ಪ್ರತಿದಿನವೂ 'ವನಸ್ ಆಂಡಾ?' ಎಂಬ ಒಂದೇ ಪ್ರಶ್ನೆ. ಊಟವಾಯಿತೇ ಎಂದು ಮೂವತ್ತು ಪುಟಗಳಲ್ಲೂ ಇಂಗ್ಲಿಷಿಗೆ ಇಳಿಸಿದೆ. ಅದಕ್ಕಿಂತ ಬಲವಾದ ಸಾಕ್ಷ್ಯ ಆ ಕಡತದಲ್ಲಿ ಇದ್ದಿರಲಾರದು.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ, ತಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಅವಕಾಶ ನೀಡಿದೆ. ಹೆಸರಿನ ತಿದ್ದುಪಡಿಯ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಬರೆಯಬೇಕು ಎಂದೇ ಹೇಳುವೆನು. ನಮ್ಮ ಹೆಸರನ್ನು ನಾವು ಬರೆಯುವ ರೀತಿ ಕಡತದಲ್ಲಿ ಉಳಿಯಲಿ.

ಸಂಗಾತಿ ವಿದೇಶೀಯರಾದರೆ

ವಿದೇಶೀಯರೊಂದಿಗಿನ ವಿವಾಹ ಭಾರತದಲ್ಲಿ ಸಾಮಾನ್ಯವಾಗಿ 1954ರ ವಿಶೇಷ ವಿವಾಹ ಕಾಯಿದೆಯಡಿ ನಡೆಯುತ್ತದೆ. ನೋಟೀಸು ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು, ಕೊಟ್ಟ ಬಳಿಕ 30 ದಿನ ಕಾಯಬೇಕು. ವಿದೇಶೀ ಸಂಗಾತಿಗೆ ಓಸಿಐ ಕಾರ್ಡ್ ದೊರೆಯಲು ನೋಂದಾಯಿತ ವಿವಾಹ ಎರಡು ವರ್ಷ ಮುಂದುವರಿದಿರಬೇಕು. ಅಲ್ಲಿಯವರೆಗೆ ಪ್ರವೇಶ ವೀಸಾದಲ್ಲಿ ಇರಬಹುದು.

ಕೊನೆಯದಾಗಿ ಕಾಗದಗಳ ಅನುಕ್ರಮದ ಕುರಿತು. ವಿವಾಹ ಪ್ರಮಾಣಪತ್ರಕ್ಕೆ ಅವಧಿಯಿಲ್ಲ. ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆಗಳಿಗೆ ಇದೆ. ಬ್ರಿಟನ್ನಿಗೆ ಬೇಕಾದ ಕ್ಷಯ ತಪಾಸಣೆಯ ಪತ್ರ ಆರು ತಿಂಗಳು ಮಾತ್ರ ಊರ್ಜಿತ. ಅವಸರದಲ್ಲಿ ಮೊದಲೇ ತಪಾಸಣೆ ಮಾಡಿಸಿ, ಹೆಸರಿನ ತಿದ್ದುಪಡಿ ಮುಗಿಯುವಷ್ಟರಲ್ಲಿ ಅದರ ಅವಧಿ ತೀರಿ ಮತ್ತೆ ಹಣ ಕಟ್ಟಿದವರಿದ್ದಾರೆ. ನೋಂದಣಿ, ತಿದ್ದುಪಡಿ, ದೃಢೀಕರಣ, ಅನುವಾದ ಇವಿಷ್ಟು ಮುಗಿದ ಮೇಲೆಯೇ ತಪಾಸಣೆಗೆ ದಿನ ಗೊತ್ತುಮಾಡಿಕೊಳ್ಳಬೇಕು. ವೀಸಾದ ಮುದ್ರೆ ಬಿದ್ದ ಪಾಸ್‌ಪೋರ್ಟ್ ಕೈಸೇರುವ ತನಕ ಇರುವ ಕೆಲಸವನ್ನು ಬಿಡಬಾರದು, ಟಿಕೆಟನ್ನೂ ಕೊಳ್ಳಬಾರದು.