ಸಲಾಮು ಹೊಡೆಯದಿದ್ದರೆ ಹುಷಾರು

ನಡುದಾರಿಯಲ್ಲಿ ಕೆಟ್ಟು ನಿಂತ ಕಾರಿನ ಬಳಿಗೆ ಮೋಟಾರು ಸಂಘದ ಮೆಕ್ಯಾನಿಕ್ ಬರುವುದು ಇಂದು ಮಾಮೂಲಿ. ಈ ಸೇವೆಗೆ ಹೆಸರಾದ ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ ಮಾತ್ರ ಹುಟ್ಟಿದ್ದು ಪೊಲೀಸರಿಂದ ತಪ್ಪಿಸಿಕೊಳ್ಳುವುದಕ್ಕೆ.

ಅಲ್ಲಿನ 1865ರ ಕಾನೂನಿನಂತೆ ಎಂಜಿನ್ ಗಾಡಿಯ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಊರೊಳಗೆ ಗಂಟೆಗೆ 2 ಮೈಲಿ ಮೀರುವಂತಿರಲಿಲ್ಲ. 1896ರಲ್ಲಿ ಹಗುರ ಮೋಟಾರುಗಳಿಗೆ ಈ ಕಟ್ಟು ಸಡಿಲವಾಯಿತು. ಆ ಸಂಭ್ರಮದಲ್ಲಿ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್ನಿಗೆ ಕಾರುಗಳ ಮೆರವಣಿಗೆಯೇ ಹೊರಟಿತು. ಮರುವರ್ಷ ಸಿರಿವಂತ ಕಾರು ಮಾಲೀಕರ ಒಂದು ಕ್ಲಬ್ಬು ಹುಟ್ಟಿತು. 1907ರಲ್ಲಿ ಅದರ ಹೆಸರಿಗೆ 'ರಾಯಲ್' ಸೇರಿತು. 1903ರ ಕಾಯ್ದೆ ವೇಗದ ಮಿತಿಯನ್ನು 20 ಮೈಲಿಗೆ ಏರಿಸಿತು. ಪೊಲೀಸರು ಬೇಲಿಯ ಮರೆಯಲ್ಲಿ ಕೂತು, ಅಳೆದಿಟ್ಟ ದೂರವನ್ನು ಕಾರು ಎಷ್ಟು ಹೊತ್ತಿನಲ್ಲಿ ದಾಟಿತೆಂದು ಸ್ಟಾಪ್‌ವಾಚಿನಲ್ಲಿ ನೋಡಿ ದಂಡ ಹಾಕಿಸತೊಡಗಿದರು.

ಬ್ರೈಟನ್ ರಸ್ತೆಯಲ್ಲಿ ಈ ಕಾಟ ಹೆಚ್ಚಾದಾಗ, 1905ರ ಜೂನ್ 29ರಂದು ಲಂಡನ್ನಿನ ಟ್ರೊಕಡೆರೊ ಹೋಟೆಲಿನಲ್ಲಿ ಕೆಲವರು ಸೇರಿ ಅಸೋಸಿಯೇಷನ್ ಕಟ್ಟಿದರು. ಸ್ಟೆನ್ಸನ್ ಕುಕ್ ಅದರ ಮೊದಲ ಕಾರ್ಯದರ್ಶಿ. ಸಂಬಳದ ಸೈಕಲ್ ಸವಾರರು ರಸ್ತೆ ಕಾಯುತ್ತ, ಮುಂದೆ ಪೊಲೀಸರಿದ್ದಾರೆಂದು ಸದಸ್ಯರಿಗೆ ಸನ್ನೆ ಮಾಡುತ್ತಿದ್ದರು. ಇದು ಕೋರ್ಟಿಗೂ ಹೋಯಿತು. ಮೊದಲು ಕೋರ್ಟು ಸವಾರರ ಪರವೇ ನಿಂತಿತು: ಕಾರು ಮಿತಿ ಮೀರಿತ್ತೆಂಬ ಪುರಾವೆಯೇ ಇಲ್ಲದಿರುವಾಗ ಎಚ್ಚರಿಸಿದ್ದು ತಪ್ಪು ಹೇಗಾದೀತು? ಆದರೆ 1910ರ 'ಬೆಟ್ಸ್ ಮತ್ತು ಸ್ಟೀವನ್ಸ್' ಪ್ರಕರಣದಲ್ಲಿ, ಆಗಲೇ ಮಿತಿ ಮೀರಿ ಬರುತ್ತಿದ್ದವರನ್ನು ಎಚ್ಚರಿಸುವುದು ಪೊಲೀಸರ ಕೆಲಸಕ್ಕೆ ಅಡ್ಡಿ ಎಂದು ತೀರ್ಪು ಬಂತು.

ಸಂಘದವರು ಬಗ್ಗಲಿಲ್ಲ, ಲೆಕ್ಕವನ್ನೇ ತಿರುವಿ ಹಾಕಿದರು. ಸದಸ್ಯರ ಬಿಲ್ಲೆ ಹೊತ್ತ ಕಾರಿಗೆಲ್ಲ ಸವಾರ ಸಲಾಮು ಹೊಡೆಯಬೇಕು. ಹೊಡೆಯಲಿಲ್ಲವೆಂದರೆ ಮುಂದೆ ಪೊಲೀಸರಿದ್ದಾರೆಂದರ್ಥ; ಸದಸ್ಯ ಕಾರು ನಿಲ್ಲಿಸಿ ಯಾಕಪ್ಪಾ ಎಂದು ವಿಚಾರಿಸಬೇಕು. ಸಲಾಮು ಹೊಡೆಯದ್ದಕ್ಕೆ ಯಾವ ನ್ಯಾಯಾಧೀಶ ತಾನೆ ಶಿಕ್ಷೆ ಕೊಟ್ಟಾನು! ಕಿಲಾಡಿತನವೇ ಸರಿ, ಆದರೂ ಇದರಲ್ಲಿನ ಬುದ್ಧಿಗೆ ತಲೆದೂಗದಿರಲು ನನ್ನಿಂದಾಗದು. ಈ ಸಲಾಮು 1960ರ ದಶಕದ ಆರಂಭದವರೆಗೂ ನಡೆದುಬಂತು.

ಹೇಗೂ ಇಡೀ ದಿನ ರಸ್ತೆಯಲ್ಲೇ ಇರುವವರು ಕೆಟ್ಟ ಕಾರನ್ನು ನೋಡಿಯೂ ನೋಡದಂತೆ ಹೋದಾರೆಯೇ? ರಿಪೇರಿಯೂ ಅವರ ಪಾಲಿಗೆ ಬಂತು, ಸೈಕಲ್ಲಿನ ಜಾಗಕ್ಕೆ ಸಲಕರಣೆ ಪೆಟ್ಟಿಗೆಯ ಮೋಟಾರ್ ಸೈಕಲ್ ಬಂತು. 1906ರಿಂದಲೇ ಸಂಘ ಅಪಾಯದ ತಿರುವುಗಳಲ್ಲಿ ಫಲಕ ನೆಟ್ಟಿತ್ತು. ಊರ ಹೆಸರಿನ ಫಲಕಗಳನ್ನೂ ಅದೇ ಹಾಕಿಸಿತು. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ದಾರಿಬದಿಯ ಟೆಲಿಫೋನ್ ಪೆಟ್ಟಿಗೆಗಳು ಬಂದವು; ಬೀಗದ ಕೈ ಸದಸ್ಯರ ಹತ್ತಿರ. 1919ರಲ್ಲಿ ಆಲ್ಡರ್ಮಾಸ್ಟನ್ನಿನಲ್ಲಿ ಪೆಟ್ರೋಲ್ ಪಂಪನ್ನೂ ತೆರೆದರು.

ನಮ್ಮ ದೇಶವೇನೂ ಹಿಂದೆ ಬಿದ್ದಿರಲಿಲ್ಲ. ಕಲ್ಕತ್ತೆಯಲ್ಲಿ 1904ರಲ್ಲೇ, ಅಂದರೆ ಲಂಡನ್ನಿನ ಆ ಸಭೆಗೆ ಒಂದು ವರ್ಷ ಮೊದಲೇ, ಬಂಗಾಳದ ಮೋಟಾರು ಸಂಘ ಶುರುವಾಗಿತ್ತು. ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ 1919ರದು. ವಿದೇಶಕ್ಕೆ ಹೊರಟವರು ಅಲ್ಲಿ ಕಾರು ಓಡಿಸಲು ಬೇಕಾದ ಅಂತರರಾಷ್ಟ್ರೀಯ ಪರವಾನಗಿಯನ್ನು ಹಿಂದೆ ಅದರ ಕಚೇರಿಯಲ್ಲಿ ಮಾಡಿಸಿಕೊಳ್ಳುತ್ತಿದ್ದರು.