ಪಿಂಗಾಣಿ ಹಲ್ಲು ಯಾಕೆ ನಿಲ್ಲುತ್ತೆ?

ನಮ್ಮ ಆದೋನಿ ಕಡೆ ಹಳೇ ಗೋಡೆಗೆ ಹೊಸ ಗಾರೆ ಹಾಕುವ ಮುಂಚೆ ಮೇಸ್ತ್ರಿ ಉಳಿಯಿಂದ ಕಚ್ಚು ಹೊಡೀತಾನೆ, ಧೂಳು ತೊಳೀತಾನೆ. ನುಣುಪು ಮೈಗೆ ಗಾರೆ ಹಿಡಿಯೋದಿಲ್ಲ. ಹಲ್ಲಿಗೆ ಪಿಂಗಾಣಿ ಕ್ಯಾಪ್ ಅಂಟಿಸುವ ವಿದ್ಯೆಯೂ ಇದೇ ದಾರಿಯಲ್ಲಿ ಬೆಳೆದು ಬಂತು ಅಂತ ಓದಿ ತಿಳಿದಾಗ ನನಗೆ ಅಚ್ಚರಿಯಾಯಿತು.

ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಹಿಡಿಯಲಿ ಅಂತ ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ಅಮೆರಿಕದ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ಅದನ್ನೇ ಹಲ್ಲಿನ ಮೇಲ್ಪದರಕ್ಕೆ 30 ಸೆಕೆಂಡು ಹಚ್ಚಿ ತೊಳೆದರು. ಕಣ್ಣಿಗೆ ಕಾಣದ ಗುಂಡಿಗಳಾಗಿ ಪ್ಲಾಸ್ಟಿಕ್‌ನಂಥ ರಾಳ ಅದರೊಳಗೆ ಇಳಿದು ಗಟ್ಟಿಯಾಗಿ ಹಿಡಿಯಿತು.

ಹಲ್ಲಿನ ಕಡೆ ದಾರಿಯಾಯಿತು, ಪಿಂಗಾಣಿಯ ಕಡೆ? 1983ರಲ್ಲಿ ಸೈಮನ್ಸನ್, ಕಲಾಮಿಯಾ ಎಂಬಿಬ್ಬರು ಹೈಡ್ರೋಫ್ಲೋರಿಕ್ ಆಮ್ಲದಿಂದ ಪಿಂಗಾಣಿಯ ಒಳಮೈಯನ್ನೂ ಒರಟು ಮಾಡಿ ತೋರಿಸಿದರು. ಅದರ ಮೇಲೆ ಸಿಲೇನ್ ಎಂಬ ದ್ರವ ಸವರುತ್ತಾರೆ. ಅದರ ಒಂದು ಕೈ ಪಿಂಗಾಣಿಯಲ್ಲಿರುವ ಗಾಜನ್ನು, ಇನ್ನೊಂದು ಕೈ ರಾಳದ ಸಿಮೆಂಟನ್ನು ಹಿಡಿಯುತ್ತೆ.

ಆಮೇಲೆ ಬಂದ ಜಿರ್ಕೋನಿಯಾದಲ್ಲಿ ಗಾಜೇ ಇಲ್ಲ. ಈ ಆಮ್ಲದ ಆಟ ಅಲ್ಲಿ ನಡೆಯೋದಿಲ್ಲ. ಅದಕ್ಕೆ ಸಣ್ಣ ಅಲ್ಯೂಮಿನಾ ಪುಡಿಯನ್ನು ಗಾಳಿಯಿಂದ ಬಡಿದು, ಫಾಸ್ಫೇಟ್ ಇರುವ ಬೇರೆ ದ್ರವ ಹಚ್ಚಬೇಕು.

ಇಷ್ಟು ಯಾಕೆ ಬರೆದೆ? ಕೂಲಿ ದುಡ್ಡು ಕೂಡಿಸಿ ಹಾಕಿಸಿಕೊಂಡ ಕ್ಯಾಪ್ ಕಳಚಿದರೆ ನಮ್ಮ ಜನ ಸಿಮೆಂಟನ್ನೇ ಬೈತಾರೆ. ಒಳಮೈ ಸರಿಯಾಗಿ ಸಿದ್ಧವಾಗದಿದ್ದರೂ, ಅಂಟಿಸುವಾಗ ಎಂಜಲು ತಾಗಿದರೂ ಹಿಡಿತ ಸಡಿಲವಾಗುತ್ತೆ. ಕಳಚಿದರೆ ಬಿಸಾಡಬೇಡಿ, ಅಂಗಡಿಯ ಗೋಂದು ಹಚ್ಚಬೇಡಿ. ಡಬ್ಬಿಯಲ್ಲಿಟ್ಟು ಹಲ್ಲಿನ ಡಾಕ್ಟರ ಹತ್ತಿರ ಒಯ್ಯಿರಿ. ಇದು ಪಿಂಗಾಣಿಯೋ, ಜಿರ್ಕೋನಿಯಾವೋ ಅಂತ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.