ಅಸಂಗತ

‘ಅಸಂಗತ’ ಎಂದರೆ ಹೊಂದಿಕೆಯಿಲ್ಲದ್ದು, ಒಂದಕ್ಕೊಂದು ಸಂಬಂಧವಿಲ್ಲದ್ದು. ರಂಗಭೂಮಿಯ ಮಾತಿನಲ್ಲಿ ಅದು ‘ಅಬ್ಸರ್ಡ್’ಗೆ ಸಾಟಿಯಾಗಿ ನೆಲೆಗೊಂಡಿತು. ಆ ಪದದ ಲ್ಯಾಟಿನ್ ಮೂಲಕ್ಕೆ ಅಪಸ್ವರ ಎಂಬ ಅರ್ಥವಿದೆ. ಹಂಗೇರಿಯಲ್ಲಿ ಹುಟ್ಟಿದ ವಿಮರ್ಶಕ ಮಾರ್ಟಿನ್ ಎಸ್ಲಿನ್ 1961ರ ತಮ್ಮ ಪುಸ್ತಕದಲ್ಲಿ ಬೆಕೆಟ್, ಅಯನೆಸ್ಕೋ ಮೊದಲಾದವರ ನಾಟಕಗಳನ್ನು ಈ ಹೆಸರಿನಡಿ ತಂದರು. 1953ರಲ್ಲಿ ಪ್ಯಾರಿಸ್ಸಿನಲ್ಲಿ ರಂಗವೇರಿದ ಬೆಕೆಟ್‌ರ ‘ವೇಟಿಂಗ್ ಫಾರ್ ಗೊಡೊ’ ಮುಗಿಯುವಾಗ ಕಾಯುತ್ತಿರುವ ಇಬ್ಬರೂ ಹೊರಡೋಣ ಎನ್ನುತ್ತಾರೆ, ಆದರೆ ಕದಲುವುದಿಲ್ಲ. ಆಡಿದ ಮಾತಿಗೂ ಮಾಡುವ ಕ್ರಿಯೆಗೂ ನಡುವಿನ ನಂಟು ಅಲ್ಲಿ ಕಡಿದಿದೆ. ‘ಅರ್ಥಹೀನ’ ಎಂದಿದ್ದರೆ ಈ ಕಡಿತ ಮರೆಯಾಗುತ್ತಿತ್ತು; ‘ಅಸಂಗತ’ ಅದನ್ನೇ ಸರಿಯಾಗಿ ಹಿಡಿಯುತ್ತದೆ.

ಅಸಂಗತ ನಾಟಕ ಆಮದು ಸರಕು, ಮಹಾಯುದ್ಧದಲ್ಲಿ ಬೆಂದ ಯುರೋಪಿನ ಹತಾಶೆ ನಮ್ಮದಲ್ಲ ಎಂಬ ಆಕ್ಷೇಪವುಂಟು. ರೂಪ ಹೊರಗಿನದೆಂಬುದು ನಿಜ. ಆದರೆ ಲಂಕೇಶರ ‘ತೆರೆಗಳು’, ಚಂದ್ರಶೇಖರ ಪಾಟೀಲರ ‘ಕೊಡೆಗಳು’ ನಾಟಕಗಳು ಅಸಂಗತವನ್ನು ಕನ್ನಡದ ಮಾತಿನಲ್ಲೇ ಕಟ್ಟಿದವು. ಸರಾಗವಾಗಿ ಸಾಗುವ ಕಥೆಯೇ ನಾಟಕ ಎಂಬ ರೂಢಿಯನ್ನು ಅಲುಗಿಸಿದವು. ಪದವಂತೂ ಹೊಸದಲ್ಲ. ಸಂಸ್ಕೃತ ಅಲಂಕಾರಶಾಸ್ತ್ರದಲ್ಲಿ ‘ಅಸಂಗತಿ’ ಎಂಬ ಅಲಂಕಾರವೇ ಇದೆ: ಕಾರಣ ಒಂದೆಡೆ, ಅದರ ಪರಿಣಾಮ ಇನ್ನೊಂದೆಡೆ. ಅಲ್ಲಿ ಅದು ಕವಿಯ ಚಮತ್ಕಾರ, ಇಲ್ಲಿ ಬದುಕಿನ ಸ್ಥಿತಿ. ಈ ಅಂತರವನ್ನು ಮರೆತು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವುದೂ ತಪ್ಪೇ. ಎರವಲು ಬಂದ ಕಲ್ಪನೆಗೆ ಕನ್ನಡ ತನ್ನ ಹಳೆಯ ಪದದಲ್ಲಿ ಜಾಗ ಮಾಡಿಕೊಟ್ಟಿತು. ತಲೆಬುಡವಿಲ್ಲದ ನಾಟಕಕ್ಕೆಲ್ಲ ಈ ಹೆಸರು ಹಚ್ಚುವುದನ್ನು ಬಿಡೋಣ.